ಸ್ವಿಚ್ ಕೊನೆಗೆ

ಶಾಖೆಯ ಕಂಪ್ಯೂಟರ್ ಆಫ್ ಮಾಡುವುದು ಒಂದು ಕಾಲಕ್ಕೆ ಇಡೀ ಸಂಜೆಯ ಕೆಲಸವಾಗಿತ್ತು ಅಂದರೆ ಈಗ ಬ್ಯಾಂಕಿಗೆ ಸೇರುವ ಹುಡುಗರು ನಗುತ್ತಾರೆ.

ಅದರ ಬೇರು ಕಂಪ್ಯೂಟರಿಗಿಂತ ಹಳೆಯದು. ಲೆಡ್ಜರ್ ಕಾಲದಲ್ಲಿ ಕೌಂಟರ್ ಮುಚ್ಚಿದ ಮೇಲೆಯೇ ನಮ್ಮ ಅಸಲಿ ಕೆಲಸ. ವೋಚರ್ ಜೋಡಿಸಿ, ಸಪ್ಲಿಮೆಂಟರಿ ಬರೆದು, ಡೇ ಬುಕ್ ಟ್ಯಾಲಿ ಮಾಡಬೇಕು. ಹತ್ತು ಪೈಸೆ ಹೆಚ್ಚುಕಮ್ಮಿ ಬಂದರೂ ಯಾರೂ ಮನೆಗೆ ಹೊರಡುವಂತಿಲ್ಲ. ಕ್ಯಾಷಿಯರ್, ಮ್ಯಾನೇಜರ್ ಇಬ್ಬರೂ ಕೀಲಿ ತಿರುಗಿಸಿದ ಮೇಲೆಯೇ ದಿನ ಮುಗಿಯಿತು.

1983ರಲ್ಲಿ ನೌಕರರ ಸಂಘಗಳೊಂದಿಗೆ ಯಂತ್ರೀಕರಣದ ಒಪ್ಪಂದವಾಯಿತು, 1984ರಲ್ಲಿ ಅದೇ ವಿಷಯದ ಮೇಲೆ ಸಿ. ರಂಗರಾಜನ್ ಸಮಿತಿಯ ವರದಿ ಬಂತು. ಮೊದಲು ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು, ಆಮೇಲೆ ಇಡೀ ಶಾಖೆಗೊಂದು ಸರ್ವರ್. ನಮ್ಮಲ್ಲಿ ಎಸಿ ಸಿಕ್ಕಿದ್ದು ಸರ್ವರಿಗೆ ಮಾತ್ರ, ಮ್ಯಾನೇಜರಿಗೂ ಇರಲಿಲ್ಲ ಆ ಭಾಗ್ಯ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು.

ಕ್ಲರ್ಕ್ ಹಾಕಿದ ಎಂಟ್ರಿಗಳನ್ನೆಲ್ಲ ಆಫೀಸರ್ ಪಾಸ್ ಮಾಡಿದ್ದಾರೋ, ಕ್ಯಾಷ್ ಕೂಡಿ ಬಂತೋ ನೋಡಿ, ದಿನದ ಲೆಕ್ಕ ಮುಚ್ಚುವ ಡೇ-ಎಂಡ್ ಕೊಡುತ್ತಿದ್ದೆವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರುಚಿ ಕಿರುಚಿ ಸುಮ್ಮನಾದ ಮೇಲೆ ಟೇಪಿಗೆ ಬ್ಯಾಕಪ್: ಒಂದು ಪ್ರತಿ ಸೇಫಿಗೆ, ಇನ್ನೊಂದು ಶಾಖೆಯಿಂದ ಹೊರಗೆ. ಬಳಿಕ ಸರ್ವರ್ ನಡೆಸುವ ಯುನಿಕ್ಸ್‌ಗೆ ‘ಹೂ’ (who) ಎಂಬ ಕಮಾಂಡ್ ಕೊಟ್ಟರೆ ಇನ್ನೂ ಒಳಗಿರುವವರ ಪಟ್ಟಿ ಬರುತ್ತಿತ್ತು. “ರಾಯರೇ, ಕಾಫಿ ಆಮೇಲೆ ಕುಡೀರಿ, ಮೊದಲು ಲಾಗೌಟ್ ಮಾಡಿ!” ಕೊನೆಗೆ ‘ಸಿಂಕ್’, ಒಂದು ಸಲ ಸಾಲದೆಂದು ಇನ್ನೊಂದು ಸಲ, ಮೇಲೆ ‘ಶಟ್‌ಡೌನ್’. ಪರದೆಯಲ್ಲಿ ‘ಸೇಫ್ ಟು ಪವರ್ ಆಫ್’ ಎಂದು ಮೂಡಿದ ಮೇಲೆಯೇ ಸ್ವಿಚ್ಚಿಗೆ ಕೈ.

ಸಿಂಕ್ ಬರೀ ಶಾಸ್ತ್ರವಲ್ಲ. ಯುನಿಕ್ಸ್ ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿಟ್ಟುಕೊಂಡು ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ; ‘ಈಗಲೇ ಇಳಿಸು’ ಎನ್ನುವುದೇ ಸಿಂಕ್. ನಡುವೆ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಮೆಮೊರಿಯಲ್ಲಿದ್ದದ್ದು ಹೋಯಿತು. ಬೆಳಿಗ್ಗೆ ಯಂತ್ರ ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ ಕೂರುತ್ತಿತ್ತು, ಕೌಂಟರಿನಾಚೆ ಜನ ಪಾಸ್‌ಬುಕ್ ಹಿಡಿದು ನಿಂತಿರುತ್ತಿದ್ದರು. ಅದಕ್ಕಿಂತ ಭಯದ ಸಂಗತಿ ಅರೆಬರೆ ಎಂಟ್ರಿ: ಒಬ್ಬರ ಖಾತೆಯಲ್ಲಿ ಡೆಬಿಟ್ ಬಿದ್ದಿದೆ, ಇನ್ನೊಬ್ಬರಿಗೆ ಕ್ರೆಡಿಟ್ ಇಲ್ಲ.

ಈ ಅರೆಬರೆಗೆ ಶಾಸ್ತ್ರೀಯ ಮದ್ದು ಹುಡುಕಿದವರಲ್ಲಿ ಮುಖ್ಯರಾದ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1981ರಲ್ಲೇ ಬರೆದಿದ್ದರು: ವಹಿವಾಟು ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಆಗಿಯೇ ಇಲ್ಲ. ಬದಲಾವಣೆ ಮೊದಲು ಲಾಗ್ ಎಂಬ ದಾಖಲೆಗೆ ಹೋಗಬೇಕು, ಅದನ್ನು ನೋಡಿ ಯಂತ್ರ ಅರ್ಧಂಬರ್ಧವನ್ನು ಅಳಿಸುತ್ತದೆ. 1985ರಲ್ಲಿ ಅವರೂ ಸಂಗಡಿಗರೂ ಇಂಥ ಯಂತ್ರಗಳ ವೇಗ ಅಳೆಯಲು ರೂಪಿಸಿದ ಪರೀಕ್ಷೆಯ ಹೆಸರೇ ‘ಡೆಬಿಟ್‌ಕ್ರೆಡಿಟ್’. ಅದರ ಮಾದರಿ ಬ್ಯಾಂಕಿನ ಕೌಂಟರ್. ಕಂಪ್ಯೂಟರ್ ನಮಗೆ ಶಿಸ್ತು ಕಲಿಸಿತು ಎನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಆಮೇಲೆ ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕಡೆ ಇಡುವ ಕೋರ್ ಬ್ಯಾಂಕಿಂಗ್ ಬಂದು ಸರ್ವರ್ ಶಾಖೆ ಬಿಟ್ಟು ಡೇಟಾ ಸೆಂಟರಿಗೆ ಹೋಯಿತು. ಬ್ಯಾಂಕುಗಳ ನಡುವೆ ಹಣ ಕಳಿಸುವ ವ್ಯವಸ್ಥೆಗಳಾದ ಎನ್‌ಇಎಫ್‌ಟಿ 2019ರ ಡಿಸೆಂಬರಿನಲ್ಲಿ, ಆರ್‌ಟಿಜಿಎಸ್ 2020ರ ಡಿಸೆಂಬರಿನಲ್ಲಿ ದಿನದ 24 ಗಂಟೆಯೂ ನಡೆಯತೊಡಗಿದವು. ಈಗ ಯಂತ್ರವನ್ನು ನಿಲ್ಲಿಸುವಂತೆಯೇ ಇಲ್ಲ, ಓಡುತ್ತಿರುವಾಗಲೇ ತಾರೀಖು ಬದಲಾಗಬೇಕು. ಆದರೂ ಶಾಖೆ ಕ್ಲೋಸ್ ಆಗದಿದ್ದರೆ ಸಂಜೆ ಫೋನ್ ಬರುತ್ತದೆ: “ಸಾರ್, ನಿಮ್ಮಲ್ಲಿ ಒಂದು ಎಂಟ್ರಿ ವೆರಿಫೈ ಆಗಿಲ್ಲ.”