ಅಯ್ಯಾವೊಳೆಯ ಐನೂರ್ವರು: ಮಧ್ಯಯುಗದ ಸಂತೆಗಳೂ ವರ್ತಕ ಸಮುದಾಯದ ಏಳಿಗೆಯೂ

ನಮ್ಮ ಇತಿಹಾಸ ಗ್ರಂಥಗಳಲ್ಲಿ ಅರಸರ ದಿಗ್ವಿಜಯಗಳಿಗೆ ದೊರೆತಷ್ಟು ಸ್ಥಾನ ಸಂತೆ-ಪೇಟೆಗಳಿಗೆ ದೊರೆತಿಲ್ಲ. ಚಾಲುಕ್ಯ, ಚೋಳ, ಹೊಯ್ಸಳ, ಕಾಕತೀಯ ರಾಜ್ಯಗಳ ಎಲ್ಲೆಗಳು ಯುದ್ಧದಿಂದ ಯುದ್ಧಕ್ಕೆ ಬದಲಾಗುತ್ತಿದ್ದ ಕಾಲದಲ್ಲಿಯೂ ಆ ಎಲ್ಲೆಗಳನ್ನು ದಾಟಿ ಶತಮಾನಗಳ ಕಾಲ ವ್ಯವಹರಿಸಿದ ಸಮುದಾಯವೊಂದಿತ್ತು. ಅದಕ್ಕೆ ಸಿಂಹಾಸನವಿರಲಿಲ್ಲ, ರಾಜ್ಯವೂ ಇರಲಿಲ್ಲ. ಹಾಗಿದ್ದೂ ಅದರ ಮಾತಿಗೆ ದೂರದೇಶಗಳಲ್ಲಿ ಮನ್ನಣೆಯಿತ್ತು. ಆ ಬಲ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹ.

ಮಲಪ್ರಭಾ ತೀರದ ಐಹೊಳೆಯ ಪ್ರಾಚೀನ ನಾಮ ಅಯ್ಯಾವೊಳೆ. ಅದರಿಂದ ಹೆಸರು ಪಡೆದ ವರ್ತಕ ಸಂಘವೇ ಅಯ್ಯಾವೊಳೆಯ ಐನೂರ್ವರು. ಇಲ್ಲಿ ಐನೂರು ಎಂಬುದು ತಲೆಯೆಣಿಕೆಯಲ್ಲ, ಸಂಘದ ಅಭಿಧಾನ. 9ನೆಯ ಶತಮಾನದಿಂದ 14ನೆಯ ಶತಮಾನದವರೆಗೆ ಇವರ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ ವಿಪುಲವಾಗಿ ದೊರೆಯುತ್ತವೆ. ಬಳ್ಳಿಗಾವೆಯ 11ನೆಯ ಶತಮಾನದ ಶಾಸನವೊಂದು ಇವರು ಸಂಚರಿಸಿದ ಚೇರ, ಚೋಳ, ಪಾಂಡ್ಯ, ಮಗಧ ಮುಂತಾದ ದೇಶಗಳನ್ನೂ, ಮಾರುತ್ತಿದ್ದ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನೂ ಸಾಲಾಗಿ ಹೇಳುತ್ತದೆ.

ಈ ವೈಭವದ ಅಡಿಪಾಯವಾಗಿದ್ದುದು ಊರೂರಿನ ಸಂತೆ. ಪೇಟೆಯ ಮುಖ್ಯಸ್ಥನಾದ ಸೆಟ್ಟಿಯನ್ನು ಪಟ್ಟಣಸ್ವಾಮಿ ಎಂದು ಕರೆಯುತ್ತಿದ್ದರು. ಸರಕು ಎತ್ತಿನ ಮೇಲೆ, ಕತ್ತೆಯ ಮೇಲೆ, ಬಂಡಿಯಲ್ಲಿ, ಕೆಲವೊಮ್ಮೆ ತಲೆಹೊರೆಯಾಗಿ ಬರುತ್ತಿತ್ತು. ಒಂದೊಂದು ಬಗೆಯ ಹೇರಿಗೂ ಸುಂಕದ ಪ್ರಮಾಣ ಬೇರೆಬೇರೆ. ಧಾನ್ಯವನ್ನು ಕೊಳಗ, ಬಳ್ಳ, ಸೊಲಗೆಗಳಿಂದ ಅಳೆಯುತ್ತಿದ್ದರು. ಹತ್ತು ಪಣಕ್ಕೆ ಒಂದು ಗದ್ಯಾಣ, ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಲಕ್ಕುಂಡಿಯ ಟಂಕಸಾಲೆಯಿಂದ ಹೊರಟ ಲೊಕ್ಕಿ ಗದ್ಯಾಣಕ್ಕೆ ವಿಶೇಷ ಖ್ಯಾತಿಯಿತ್ತು. ಅಳತೆಯೂ ನಾಣ್ಯವೂ ನಂಬಿಕೆಗೆ ಅರ್ಹವಾಗಿದ್ದರೆ ಮಾತ್ರ ಅಪರಿಚಿತರ ನಡುವೆ ವ್ಯಾಪಾರ ಸಾಧ್ಯವಷ್ಟೆ.

ಇಲ್ಲಿ ಗಮನಿಸಬೇಕಾದ ಅಂಶ ಮತ್ತೊಂದಿದೆ. ಅರಸನಿಗೆ ತೆರುವ ಸುಂಕವಲ್ಲದೆ, ವರ್ತಕರು ತಾವೇ ಸಭೆ ಸೇರಿ ಹೇರಿಗಿಷ್ಟು ಎಂದು ನಿಗದಿ ಮಾಡಿ, ಆ ಆಯವನ್ನು ದೇವಾಲಯಗಳಿಗೂ ಬಸದಿಗಳಿಗೂ ಸಲ್ಲಿಸುತ್ತಿದ್ದರು. ಒಬ್ಬನ ಔದಾರ್ಯವಾಗಿದ್ದರೆ ಅದು ಅವನೊಡನೆಯೇ ಮುಗಿಯುತ್ತಿತ್ತು. ಎಲ್ಲರೂ ಒಪ್ಪಿದ ಕಟ್ಟಳೆಯಾದುದರಿಂದ ಅದು ತಲೆಮಾರುಗಳನ್ನು ದಾಟಿ ನಡೆಯಿತು.

ಈ ಸಂಘಟಿತ ಶಕ್ತಿಯನ್ನು ಅರಸರೂ ಗೌರವಿಸಬೇಕಾಯಿತು. ಅವರ ಸೈನ್ಯಕ್ಕೆ ಕುದುರೆಗಳನ್ನು ಒದಗಿಸುತ್ತಿದ್ದವರು ವರ್ತಕರೇ. ಚಂಡಮಾರುತಕ್ಕೆ ಸಿಲುಕಿ ದಡಕ್ಕೆ ಬಿದ್ದ ಹಡಗಿನ ಸರಕನ್ನು ಹಿಂದಿನ ದೊರೆಗಳು ಕಸಿದುಕೊಳ್ಳುತ್ತಿದ್ದರು. ಕಾಕತೀಯ ಗಣಪತಿದೇವನು ಕ್ರಿ.ಶ. 1244ರಲ್ಲಿ ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಅಭಯಶಾಸನವನ್ನು ಹಾಕಿಸಿ, ಮೂವತ್ತರಲ್ಲಿ ಒಂದು ಪಾಲು ಸುಂಕದ ಹೊರತು ಬೇರೇನನ್ನೂ ಮುಟ್ಟುವುದಿಲ್ಲವೆಂದು ಸಾರಿದನು. ಕರುಣೆಯೊಡನೆ ದೂರದೃಷ್ಟಿಯೂ ಇಲ್ಲಿ ಕಾಣುತ್ತದೆ. ಭಯವಿರುವ ಬಂದರಿಗೆ ಹಡಗು ಮತ್ತೆ ಬಾರದು.

ಸ್ವಯಂಶಿಸ್ತಿನ ಈ ಪದ್ಧತಿ ಸಮುದ್ರವನ್ನೂ ದಾಟಿತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ಐನೂರ್ವರದೇ ತಮಿಳು ಶಾಸನವೊಂದು ದೊರೆತಿದ್ದು, ಅದರ ಕಾಲ ಕ್ರಿ.ಶ. 1088. ಹಡಗಿನವರು ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದ ರೂಪದಲ್ಲಿ ತೆರಿಗೆ ಸಲ್ಲಿಸಬೇಕೆಂಬ ಕಟ್ಟಳೆ ಅದರಲ್ಲಿದೆ. ಬರ್ಮಾದ ಪಗಾನ್‌ನಲ್ಲಿ ನಾನಾದೇಸಿ ವರ್ತಕರ ಹೆಸರಿನ ವಿಷ್ಣು ದೇವಾಲಯವಿತ್ತು. ಅದಕ್ಕೆ 13ನೆಯ ಶತಮಾನದಲ್ಲಿ ಕೇರಳದವನೊಬ್ಬನು ಮಂಟಪವನ್ನು ಕಟ್ಟಿಸಿ, ದೀಪವನ್ನು ಅರ್ಪಿಸಿದನು.

14ನೆಯ ಶತಮಾನದ ನಂತರ ಐನೂರ್ವರ ಹೆಸರು ಶಾಸನಗಳಲ್ಲಿ ವಿರಳವಾಗುತ್ತದೆ. ಆದರೆ ಪೇಟೆಯ ನುಡಿ ಉಳಿಯಿತು. ಪೂರ್ವಾಶ್ರಮದಲ್ಲಿ ವರ್ತಕರಾಗಿದ್ದರೆಂದು ಸಂಪ್ರದಾಯವು ಹೇಳುವ ಪುರಂದರದಾಸರು ಹರಿನಾಮದ ಮಹಿಮೆಯನ್ನು ತಿಳಿಸುವಾಗ ಹೇರು, ಬಾಡಿಗೆ, ಸುಂಕಗಳ ಭಾಷೆಯನ್ನೇ ಬಳಸಿದರು. ಕೇಳುವ ಜನರಿಗೆ ಅದು ನಿತ್ಯದ ಅನುಭವವಾಗಿತ್ತು.

ಶಾಸನಗಳು ವರ್ತಕರನ್ನು ಸ್ವದೇಸಿ, ಪರದೇಸಿ, ನಾನಾದೇಸಿ ಎಂದು ಹೆಸರಿಸುತ್ತವೆ. ಇಂದು 'ಪರದೇಶಿ' ಎಂದರೆ ದಿಕ್ಕಿಲ್ಲದವನೆಂಬ ಅರ್ಥ ರೂಢಿಯಲ್ಲಿದೆ. ಅಂದು ಅದು ಗೌರವದ ಹೆಸರು. ಹೊರನಾಡುಗಳಲ್ಲಿ ನೆಲೆಸಿರುವ ನಮ್ಮಂಥವರು ನೆನಪಿಡತಕ್ಕ ಮಾತಿದು. ಪರಸ್ಥಳದಲ್ಲಿ ಅವರನ್ನು ಕಾಪಾಡಿದ್ದು ಹಣವೊಂದೇ ಅಲ್ಲ. ಸರಿಯಾದ ಅಳತೆ, ಕೂಡಿ ಮಾಡಿಕೊಂಡ ಕಟ್ಟಳೆ, ಗಳಿಕೆಯಲ್ಲಿ ತೆಗೆದಿಟ್ಟ ಪಾಲು, ಇವೇ ಅವರ ಕೋಟೆಯಾಗಿದ್ದವು.