ಕಂದೀಲಿನ ಬೆನ್ನಿನ ಕೊಕ್ಕೆ

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ಆ ಕಟ್ಟಡವನ್ನು ಕಟ್ಟಿದ್ದು ಪಾಠ ಹೇಳಲಿಕ್ಕೆ ಅಲ್ಲ ಎಂಬುದು ಅವರಲ್ಲಿ ಕೆಲವರಿಗಷ್ಟೇ ಗೊತ್ತು. ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. 1882ರಲ್ಲಿ ಹುಟ್ಟಿದ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಕೂಡಿ ಎಂ. ಅಂಡ್ ಎಸ್.ಎಂ. ಆಯಿತು. 1917ರಲ್ಲಿ ಹುಟ್ಟಿದ ಕಾಲೇಜು ಮುಂದೆ ಆ ಕಚೇರಿಗೆ ಬಂದು ನೆಲೆಸಿತು. ಕಂಪನಿಯ ಕಾಲದಲ್ಲಿ ಕಾಗದಪತ್ರವೆಲ್ಲ ಧಾರವಾಡಕ್ಕೆ, ಕಬ್ಬಿಣ, ಇದ್ದಿಲು, ಸುತ್ತಿಗೆಯ ಸಪ್ಪಳವೆಲ್ಲ ಹುಬ್ಬಳ್ಳಿಗೆ. ಹುಬ್ಬಳ್ಳಿಯ ವರ್ಕ್‌ಶಾಪ್ ಶುರುವಾದದ್ದು 1885ರಲ್ಲಿ. ಈ ಹಂಚಿಕೆಯಲ್ಲಿ ನಮ್ಮ ಮನೆತನದ ಪಾಲಿಗೆ ಬಂದದ್ದು ಚಿಮಣಿ ಎಣ್ಣೆ.

ನಮ್ಮಜ್ಜ, ನಮ್ಮಪ್ಪ ಇಬ್ಬರೂ ಹುಬ್ಬಳ್ಳಿ ಯಾರ್ಡಿನ ಬತ್ತಿವಾಲಾಗಳು. ನಾನು ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತನಾದೆ. ರೈಲಿನ ಇತಿಹಾಸ ಬರೆಯುವವರು ಎಂಜಿನ್ ಬಗ್ಗೆ, ಸೇತುವೆ-ಸುರಂಗಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ದೀಪದ ಬಗ್ಗೆ ಬರೆದವರು ಕಡಿಮೆ. ದೀಪ ನಿಲ್ಲುವ ಕೊಕ್ಕೆ, ಬ್ರಾಕೆಟ್ಟುಗಳ ಬಗ್ಗೆ ಬರೆದದ್ದನ್ನಂತೂ ನಾನು ಓದಿಲ್ಲ. ಆದರೆ ರಾತ್ರಿ ಗಾಡಿ ನಡೆಸಿದವರಿಗೆ ಕೇಳಿ ನೋಡಿ: ದೀಪ ಎಷ್ಟು ಪ್ರಖರ ಎಂಬುದಕ್ಕಿಂತ ಅದು ಎಲ್ಲಿ, ಹೇಗೆ ನಿಂತಿದೆ ಎಂಬುದೇ ದೊಡ್ಡ ಪ್ರಶ್ನೆ.

ಲಾಂಪ್ ರೂಮಿನಲ್ಲಿ ಸಂಜೆಯ ಕೆಲಸವೆಂದರೆ ಗಾಜು ಒರೆಸುವುದು, ಬತ್ತಿಯ ಕರಕು ಕತ್ತರಿಸುವುದು, ಎಣ್ಣೆ ತುಂಬುವುದು. ಅಪ್ಪ ಇದಕ್ಕೂ ಮೊದಲು ಒಂದು ಕೆಲಸ ಮಾಡುತ್ತಿದ್ದ. ಪ್ರತಿ ದೀಪವನ್ನೂ ಬೆನ್ನು ಮೇಲೆ ಮಾಡಿ ಹಿಡಿದು, ಅಲ್ಲಿನ ತಗಡಿನ ಗೂಡಿಗೆ ಬೆರಳು ತೂರಿಸಿ ಅಲ್ಲಾಡಿಸುತ್ತಿದ್ದ. ಬ್ರಾಕೆಟ್ಟಿನ ಪಟ್ಟಿ ಹೊಗುವ ಗೂಡು ಅದು. ಅದು ಸವೆದಿದ್ದರೆ ದೀಪ ಬದಿಗೆ. "ಉರಿಯೂ ದೀಪ ಎಲ್ಲಾರೂ ನೋಡ್ತಾರ, ಬೀಳೂ ದೀಪ ನಾವ ನೋಡಬೇಕಪಾ" ಅನ್ನುತ್ತಿದ್ದ.

ಸಿಗ್ನಲ್ ಕಂಬ ಹತ್ತುವಾಗ ಕಂದೀಲಿನ ಹಿಡಿಕೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಏಣಿ ಹಿಡಿಯಬೇಕು. ಮೇಲೆ ಹೋದ ಮೇಲೆ ದೀಪವನ್ನು ಅದರ ಪೀಠದಲ್ಲಿ ಕೂಡಿಸಬೇಕು. ಹಳೆಯ ಕೈ-ಸಿಗ್ನಲ್ಲಿನಲ್ಲಿ ದೀಪ ಅಲುಗಾಡುವುದಿಲ್ಲ. ಅದರ ಮುಂದೆ ಬಣ್ಣದ ಗಾಜು ಮೇಲೆ ಕೆಳಗೆ ಸರಿಯುತ್ತದೆ. ಹಸಿರು ತೋರಿಸುವ ಗಾಜನ್ನು ಹಗಲಲ್ಲಿ ನೋಡಿದರೆ ಅದರಲ್ಲಿ ನೀಲಿಯ ಛಾಯೆ. ಎಣ್ಣೆಯ ದೀಪದ ಬೆಳಕು ಹಳದಿ, ಅದು ನೀಲಿಯನ್ನು ದಾಟಿ ಹೋದಾಗಲೇ ಡ್ರೈವರನ ಕಣ್ಣಿಗೆ ಹಸಿರು. ಉರಿ ಮಸೂರದ ನಡುಮಧ್ಯಕ್ಕೆ ನಿಲ್ಲಬೇಕು. ಪೀಠದಲ್ಲಿ ದೀಪ ಸ್ವಲ್ಪ ವಾಲಿದರೂ ಬೆಳಕು ಹಳಿ ಬಿಟ್ಟು ಬೇರೆಲ್ಲಿಗೋ ಹೋಗುತ್ತದೆ. ದೀಪ ಚೆನ್ನಾಗಿ ಉರಿಯುತ್ತಿದ್ದರೂ ದೂರದ ಡ್ರೈವರನಿಗೆ ಮಂಕು. ಸಿಗ್ನಲ್ ದೀಪದ ಬೆನ್ನಿಗೆ ಒಂದು ಸಣ್ಣ ಕಿಂಡಿಯೂ ಇರುತ್ತಿತ್ತು. ದೂರದ ಸ್ಟೇಷನ್ ಮಾಸ್ತರರಿಗೆ ಆ ಬಿಳಿ ಚುಕ್ಕೆ ಕಂಡರೆ ದೀಪ ಆರಿಲ್ಲ, ಸಿಗ್ನಲ್ ತಡೆದು ನಿಂತಿದೆ ಎಂದು ಖಾತ್ರಿ.

ಗಾಡಿಯ ಬಾಲಕ್ಕೆ ಬಂದರೆ ಬ್ರೇಕ್‌ವ್ಯಾನಿನ ಹಿಂದೆ ಕೆಂಪು ಟೇಲ್ ಲಾಂಪ್, ಎರಡೂ ಬದಿಗೆ ಸೈಡ್ ಲಾಂಪ್. ಟೇಲ್ ಲಾಂಪ್ ಗಾಡಿಯ ಹಾಜರಿ ಪುಸ್ತಕ ಇದ್ದ ಹಾಗೆ. ಗಾಡಿ ದಾಟುವಾಗ ಸ್ಟೇಷನ್ನಿನವರು ಅದನ್ನು ನೋಡಬೇಕು. ಕಾಣದಿದ್ದರೆ ಗಾಡಿ ನಡುವೆ ಕಳಚಿ ಅರ್ಧ ಹಿಂದೆ ಉಳಿದಿರಬಹುದು ಎಂದು ಅರ್ಥ. ಅದು ಪೂರ್ತಿ ಬಂದಿದೆ ಎಂದು ತಿಳಿಯುವವರೆಗೆ ಹಿಂದಿನ ಗಾಡಿಗೆ ದಾರಿ ಇಲ್ಲ. ಹಗಲಿಗೆ ಅದೇ ಜಾಗದಲ್ಲಿ ಎಲ್.ವಿ., ಅಂದರೆ ಕೊನೆಯ ಡಬ್ಬಿ, ಎಂದು ಬರೆದ ಹಲಗೆ. ಸೈಡ್ ಲಾಂಪಿಗೆ ಎರಡು ಮುಖ: ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ. ತಿರುವಿನಲ್ಲಿ ಡ್ರೈವರ್ ತಿರುಗಿ ನೋಡಿದಾಗ ಆ ಬಿಳಿ ಕಂಡರೆ ತನ್ನ ಗಾಡಿ ಇಡಿಯಾಗಿದೆ ಎಂದು ಸಮಾಧಾನ. ಇಷ್ಟೆಲ್ಲ ನಿಂತಿರುವುದು ವ್ಯಾನಿಗೆ ಬಡಿದ ಕಬ್ಬಿಣದ ಪಟ್ಟಿಯ ಮೇಲೆ. ಒಮ್ಮೆ ನನಗೆ ಕೊಟ್ಟ ವ್ಯಾನಿನಲ್ಲಿ ಆ ಪಟ್ಟಿ ಬಾಗಿ ದೀಪ ಒಳಗೆ ಕೂಡುತ್ತಿರಲಿಲ್ಲ. ಬೈಂಡಿಂಗ್ ತಂತಿ ಸುತ್ತಿ ಹೊರಟೆವು. ಅಳ್ನಾವರ ದಾಟುವಷ್ಟರಲ್ಲಿ ದೀಪ ಮುಗಿಲು ನೋಡುತ್ತಿತ್ತು.

ಪಟ್ಟಿಗೂ ಗೂಡಿಗೂ ಜೋಡಿ ಹೊಂದದಿರುವುದು ಹಳೆಯ ರೋಗ. ಇಂಗ್ಲೆಂಡಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ದೀಪದ ಪಟ್ಟಿಗಳು ಬೇರೆ ಕಂಪನಿಗಳ ಪಟ್ಟಿಗೆ ಅಡ್ಡಮುಖವಾಗಿದ್ದವು. ಒಬ್ಬರ ದೀಪ ಇನ್ನೊಬ್ಬರ ಎಂಜಿನ್ನಿಗೆ ಹೊಂದುತ್ತಿರಲಿಲ್ಲ. ಬೆಳಕು ಎಲ್ಲರದೂ ಒಂದೇ, ತಕರಾರು ಕೊಕ್ಕೆಯದು.

ಗಾರ್ಡನ ಕೈಯ ದೀಪದ ಕಥೆ ಬೇರೆ. ಅದರಲ್ಲಿ ಬಿಳಿ, ಕೆಂಪು, ಹಸಿರು ಮೂರೂ ಬಣ್ಣ. ಬಲಗೈಯಲ್ಲಿ ದೀಪ, ಎಡಗೈಯಲ್ಲಿ ವ್ಯಾನಿನ ಸಲಾಕೆ, ಹಲ್ಲಿನಲ್ಲಿ ಸೀಟಿ. ನಮ್ಮ ಕಾಲಕ್ಕೆ ಹೊಸಪೇಟೆ ಕಡೆಯ ಅದಿರು ಮೀಟರ್ ಗೇಜ್ ಮೇಲೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮರ್ಮಗೋವಾ ಬಂದರಿಗೆ ಇಳಿಯುತ್ತಿತ್ತು. ಕ್ಯಾಸಲ್‌ರಾಕ್‌ನಿಂದ ಕೆಳಗೆ ಘಟ್ಟದ ಇಳಿಜಾರು ಕಡಿದು, ಮಳೆಗಾಲದಲ್ಲಿ ಮಂಜೂ ಸೇರಿ ಎದುರಿನದು ಕಾಣದು. ಅಂಥಲ್ಲಿ ಗಾಡಿ ನಡುದಾರಿಯಲ್ಲಿ ನಿಂತರೆ ಗಾರ್ಡ್ ಹಿಂದಕ್ಕೆ ನಡೆದು ಹಳಿಯ ಮೇಲೆ ಡಿಟೋನೇಟರ್ ಕಟ್ಟಬೇಕು. ಅದಕ್ಕೆ ನಮ್ಮವರು ಪಟಾಕಿ ಅನ್ನುತ್ತಿದ್ದರು. ಮೀಟರ್ ಗೇಜಿನಲ್ಲಿ 400 ಮೀಟರಿಗೆ ಒಂದು, 800 ಮೀಟರಿಗೆ ಮೂರು. ಹಿಂದಿನಿಂದ ಬರುವ ಗಾಡಿಯ ಗಾಲಿ ಅದರ ಮೇಲೆ ಹಾಯ್ದರೆ ಸಿಡಿದು ಡ್ರೈವರನಿಗೆ ಎಚ್ಚರಿಕೆ.

ಪಟಾಕಿಯ ಸೀಸದ ಪಟ್ಟಿಗಳನ್ನು ಹಳಿಯ ತಲೆಯ ಎರಡೂ ಕಡೆ ಬಗ್ಗಿಸಿ ಬಿಗಿಯಲು ಎರಡು ಕೈ ಬೇಕು. ಆಗಲೂ ಕೆಂಪು ದೀಪ ಬರುವ ಗಾಡಿಗೆ ಕಾಣುತ್ತಲೇ ಇರಬೇಕು. ಜಲ್ಲಿಯ ಮೇಲೆ ಇಟ್ಟರೆ ವಾಲುತ್ತದೆ. ಬೆಲ್ಟಿಗೆ ಸಿಕ್ಕಿಸಿದರೆ ಬಗ್ಗಿದ ಕೂಡಲೇ ಬೆಳಕು ನೆಲಕ್ಕೆ. ಮಂಡಿಯೂರಿ ಎರಡು ಮೊಣಕಾಲಿನ ನಡುವೆ ದೀಪ ಒತ್ತಿಕೊಂಡು ಕಟ್ಟುವುದೇ ನನಗೆ ಹೊಂದಿದ ಉಪಾಯ.

ತಲೆಗೇಕೆ ಕಟ್ಟಿಕೊಳ್ಳಲಿಲ್ಲ ಎಂದು ಈಗಿನ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗಣಿಯವರು ಬಹಳ ಹಿಂದೆಯೇ ಕಟ್ಟಿಕೊಂಡಿದ್ದರು. ಇಪ್ಪತ್ತನೆಯ ಶತಮಾನದ ಆರಂಭಕ್ಕೇ ಟೋಪಿಗೆ ಸಿಕ್ಕಿಸುವ ಕಾರ್ಬೈಡ್ ದೀಪ ಬಂದಿತ್ತು. ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅನಿಲವೇ ಅದರಲ್ಲಿ ಉರಿಯುವುದು. 1914ರ ಹೊತ್ತಿಗೆ ಎಡಿಸನ್ ವಿದ್ಯುತ್ ದೀಪ ತಂದ. ಅದರ ಜಾಣತನ ಬಲ್ಬಿನಲ್ಲಿ ಇರಲಿಲ್ಲ. ತೂಕದ ಬ್ಯಾಟರಿಯನ್ನು ಸೊಂಟಕ್ಕೆ ಕಟ್ಟಿ, ಬೆನ್ನ ಮೇಲಿಂದ ತಂತಿ ಎಳೆದು, ತಲೆಯ ಮೇಲೆ ಬೆಳಕನ್ನಷ್ಟೇ ಇಟ್ಟದ್ದು ಜಾಣತನ. ನಮ್ಮದೇ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಆದರೂ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಯಲ್ಲಿ ಕಲ್ಲು ಕೊರೆಯುವವನಿಗೆ ಅವನ ತಲೆಯ ದೀಪವೇ ದಾರಿಯಾಗಿತ್ತು.

ಆದರೆ ಗಣಿಯವನ ದೀಪ ಅವನ ಕಣ್ಣಿಗಾಗಿ. ಅವನು ಎತ್ತ ನೋಡುತ್ತಾನೋ ಬೆಳಕು ಅತ್ತ ತಿರುಗಬೇಕು. ಗಾರ್ಡನ ದೀಪ ಬೇರೆಯವರ ಕಣ್ಣಿಗಾಗಿ. ನಾನು ಬಲಕ್ಕೆ ತಿರುಗಿದೆನೆಂದು ಕೆಂಪು ಬಲಕ್ಕೆ ಹೋದರೆ ಎದುರಿನ ಡ್ರೈವರನ ಗತಿ? ಯಾರು ನೋಡಬೇಕು ಎಂಬುದರ ಮೇಲೆ ದೀಪ ಎಲ್ಲಿ ನಿಲ್ಲಬೇಕು ಎಂಬುದು ತೀರ್ಮಾನ. ನೂರು ವರ್ಷದ ರೈಲಿನ ದೀಪಗಳಿಂದ ನಾನು ಕಲಿತ ಪಾಠ ಇದೊಂದೇ.

ಈ ಪಾಠ ಹೋದ ವರ್ಷ ಉಪಯೋಗಕ್ಕೆ ಬಂತು. ಮೊಮ್ಮಗಳು ಪ್ರಾಣಿಶಾಸ್ತ್ರ ಓದಿ ಬಾವಲಿಗಳ ಹಿಂದೆ ಬಿದ್ದಿದ್ದಾಳೆ. ಅವರ ತಂಡಕ್ಕೆ ಒಂಟಿ ಕಣ್ಣಿನ ನೈಟ್ ವಿಷನ್ ಬಂದಿತ್ತು. ಅದು ಬೆಳಕು ಚೆಲ್ಲುವುದಿಲ್ಲ. ನಕ್ಷತ್ರದ ಬೆಳಕನ್ನೇ ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಸೈನ್ಯಕ್ಕೆ ಇಂಥವನ್ನು ನಮ್ಮ ದೇಶದಲ್ಲಿ ಬಿ.ಇ.ಎಲ್. ತಯಾರಿಸುತ್ತದೆ. "ಅಜ್ಜಾ, ಯಂತ್ರ ಐತಿ, ಹೆಲ್ಮೆಟ್ಟಿಗೆ ಕೂಡಿಸೂ ಸಾಮಾನು ಯಾವುದು ತಗೊಳ್ಳೂದು ತಿಳೀವಲ್ದು" ಅಂದಳು.

ನೋಡಿದರೆ ನಮ್ಮ ಲಾಂಪ್ ರೂಮಿನ ತಕರಾರೇ. ಹೆಲ್ಮೆಟ್ಟಿನ ಹಣೆಗೆ ಒಂದು ತಗಡು, ಅದಕ್ಕೆ ಮಡಚುವ ತೋಳು, ತೋಳಿನಿಂದ ಯಂತ್ರಕ್ಕೆ ಇನ್ನೊಂದು ಕೊಂಡಿ. ಕೊಂಡಿಯಲ್ಲಿ ಎರಡು ಜಾತಿ: ಡವ್‌ಟೇಲ್, ಬೇಯೊನೆಟ್. ಒಂದರ ಗೂಡಿಗೆ ಇನ್ನೊಂದು ಹೊಗುವುದಿಲ್ಲ. "ಮೊದಲು ತೋಳು ಯಾವ ಜಾತಿ ಕೇಳವಾ, ಆಮ್ಯಾಲೆ ರೊಕ್ಕ ಬಿಚ್ಚು" ಅಂದೆ. ಮೂರು ಕೀಲಿನಲ್ಲಿ ಒಂದೊಂದು ಕೂದಲೆಳೆ ಸಡಿಲವಿದ್ದರೂ ಹೆಜ್ಜೆ ಇಟ್ಟಾಗ ಕಣ್ಣಿನ ಮುಂದಿನ ಚಿತ್ರ ಕುಣಿಯುತ್ತದೆ. ಸಿಗ್ನಲ್ ದೀಪ ವಾಲಿದರೆ ಡ್ರೈವರನಿಗೆ ಮಂಕಾಗುತ್ತಿತ್ತು. ಇಲ್ಲಿ ಯಂತ್ರ ಒಂದು ಬೆರಳು ಸರಿದರೆ ನೋಡುವವಳಿಗೇ ಕತ್ತಲು. ಅದಕ್ಕೇ ತೋಳು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವಂತಿರಬೇಕು.

ತೂಕದ ಲೆಕ್ಕವೂ ಹಳೆಯದೇ. ಇಂಥ ಯಂತ್ರ ಸುಮಾರು 350 ಗ್ರಾಂ. ಕೈಯಲ್ಲಿ ಹಗುರ, ಹಣೆಯ ಮುಂದೆ ಜೋತುಬಿದ್ದಾಗ ತಾಸಿನೊಳಗೆ ಕುತ್ತಿಗೆ ಸೋಲುತ್ತದೆ. ಎಡಿಸನ್ ಬ್ಯಾಟರಿಯನ್ನು ಸೊಂಟಕ್ಕೆ ಇಳಿಸಿದ. ಇವರು ಹೆಲ್ಮೆಟ್ಟಿನ ಹಿಂಬದಿಗೆ ಸಮತೂಕದ ಚೀಲ ಕಟ್ಟುತ್ತಾರೆ. ಇನ್ನು ಟೊಂಗೆಗೆ ಸಿಕ್ಕಾಗ ಕುತ್ತಿಗೆ ತಿರುಚದೆ ತಾನೇ ಕಳಚಿಕೊಳ್ಳುವ ತೋಳೂ ಉಂಟು. ಅಂಥದ್ದಾದರೆ ಕಳಚಿದ ಯಂತ್ರ ಹಳ್ಳಕ್ಕೆ ಬೀಳದಂತೆ ಒಂದು ದಾರವೂ ಬೇಕು.

ನಮ್ಮ ಎಣ್ಣೆದೀಪಗಳ ಕಾಲ ಮುಗಿದಿದೆ. ಟೇಲ್ ಲಾಂಪ್ ಈಗ ಬ್ಯಾಟರಿಯಿಂದ ಮಿನುಗುತ್ತದೆ. 2022ರಿಂದ ಗಾರ್ಡ್ ಎಂಬ ಹುದ್ದೆಯ ಹೆಸರೂ ಟ್ರೇನ್ ಮ್ಯಾನೇಜರ್ ಎಂದಾಗಿದೆ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದರು. ಮಲಪ್ರಭಾ, ಘಟಪ್ರಭಾ ಎಂಬ ಹಳೆಯ ಮನೆಗಳಿಗೆ ಮಕ್ಕಳು ಬರುತ್ತಾರೆ, ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಕಡೆ ದೀಪವನ್ನು ಮೇಜಿನ ಮೇಲೆ ಇಟ್ಟರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಗೋಡೆಗೊಂದು ಬ್ರಾಕೆಟ್ ಬಡಿದು, ಪಕ್ಕದಲ್ಲಿ ಎರಡು ದೀಪ ಇಡಲಿ: ಒಂದು ಹೊಂದುವುದು, ಒಂದು ಹೊಂದದ್ದು. ಮಕ್ಕಳು ತಾವೇ ಸಿಕ್ಕಿಸಿ ನೋಡಲಿ. ಬತ್ತಿವಾಲಾನ ಕಸುಬು ಏನಿತ್ತು ಎಂದು ಫಲಕ ಬರೆಯುವ ಶ್ರಮವೂ ಉಳಿಯುತ್ತದೆ.