ಹಾಲಿನ ಪುಡಿ ಬಂತು, ನೆಲ ಎಲ್ಲಿ?

ಕುಂದಲಹಳ್ಳಿ ಗೇಟ್ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡು ಕೇಳ್ತಿದ್ದೀರಾ? ಇರಲಿ, 1959ಕ್ಕೆ ಹೋಗೋಣ.

ದಲೈ ಲಾಮಾ ಹಿಂದೆ ಸಾವಿರಾರು ಟಿಬೆಟನ್ನರು ಗಡಿ ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರ. ಹಿಮದ ನಾಡಿನವರಿಗೆ ಆ ಸೆಕೆಯೇ ಶತ್ರು. ಕಾಯಿಲೆಗೆ ಎಷ್ಟೋ ಜನ ಸತ್ತರು. ಆಚಾರ್ಯ ಕೃಪಲಾನಿ ಅವರ ಪರಿಹಾರ ಸಮಿತಿ ಓಡಾಡ್ತಿತ್ತು. ಚರ್ಚ್ ವರ್ಲ್ಡ್ ಸರ್ವಿಸ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ನಂಥ ಕ್ರೈಸ್ತ ಸಂಸ್ಥೆಗಳೂ ನೆರವಿಗೆ ಬಂದವು. ಹೌದು, ಬೌದ್ಧರಿಗೆ ಕ್ರೈಸ್ತರ ನೆರವು!

ಆದರೆ ಊಟ, ಬಟ್ಟೆ, ಔಷಧಿ ಕೊಟ್ಟರೆ ಮುಗೀತಾ? ಬದುಕೋಕೆ ನೆಲ ಬೇಕಲ್ಲ! ಅದನ್ನ ಕೊಟ್ಟಿದ್ದು ನಮ್ಮ ಮೈಸೂರು ರಾಜ್ಯ: ಪಿರಿಯಾಪಟ್ಟಣದ ಹತ್ತಿರ, ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ. ನೆಲ ಅಂದ್ರೆ ಬರೀ ಕಾಡು. 1960ರಲ್ಲಿ ಮೊದಲು ಬಂದ 666 ಮಂದಿ ಮರ ಕಡಿದರು, ಜೋಳ ಬಿತ್ತಿದರು, ರಾತ್ರಿಯೆಲ್ಲ ಆನೆ ಓಡಿಸಿದರು.